ಸೊನ್ನೆ ತೋರುವ ಅಯಸ್ಕಾಂತಗಳ ಒಳಲೆಕ್ಕ

1970ರ ಡಿಸೆಂಬರಿನಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸ ಕೊಟ್ಟರು. ತಮಗೆ ಪ್ರಶಸ್ತಿ ತಂದುಕೊಟ್ಟ ವಸ್ತುಗಳ ಬಗ್ಗೆಯೇ ಅವರು ಅಂದು ಹೇಳಿದ್ದು ಸ್ವಾರಸ್ಯಕರವಾಗಿದೆ. ಆಂಟಿಫೆರೋಮ್ಯಾಗ್ನೆಟ್‌ಗಳು ಸಿದ್ಧಾಂತದ ಮಟ್ಟಿಗೆ ಬಹಳ ಕುತೂಹಲಕರ, ಆದರೆ ಅವುಗಳಿಂದ ಉಪಯೋಗವೇನೂ ಇದ್ದಂತಿಲ್ಲ ಎಂಬುದು ಅವರ ಮಾತಿನ ಸಾರಾಂಶ. ಹಾಗನ್ನಲು ಕಾರಣವಿತ್ತು. ಈ ವಸ್ತುಗಳಲ್ಲಿ ಕಾಂತತ್ವವುಳ್ಳ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತವೇ ಹೌದು. ಆದರೆ ಒಂದರ ದಿಕ್ಕು ಮೇಲಕ್ಕಿದ್ದರೆ ಪಕ್ಕದ್ದರ ದಿಕ್ಕು ಕೆಳಕ್ಕಿರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲರಾದರೆ ಹಗ್ಗದ ನಡುವಿನ ಗಂಟು ಅಲುಗುವುದಿಲ್ಲ. ಗಂಟನ್ನಷ್ಟೇ ನೋಡುವವನಿಗೆ ಅಲ್ಲಿ ಯಾರೂ ಎಳೆಯುತ್ತಿಲ್ಲ ಎನಿಸುತ್ತದೆ. ಇಲ್ಲಿಯೂ ಅಷ್ಟೇ. ಹೊರಗಿನಿಂದ ಅಳೆದರೆ ಉತ್ತರ ಸೊನ್ನೆ. ದಿಕ್ಸೂಚಿ ತಿರುಗದು, ಗುಂಡುಸೂಜಿ ಅಂಟದು.

ಉಪಯೋಗದ ವಿಷಯದಲ್ಲಿ ಕಾಲ ಬೇರೆಯೇ ಉತ್ತರ ಕೊಟ್ಟಿತು. 1997ರಲ್ಲಿ ಐಬಿಎಂ ಕಂಪನಿ ಮಾರುಕಟ್ಟೆಗೆ ತಂದ ಹೊಸ ಬಗೆಯ ಹಾರ್ಡ್‌ಡಿಸ್ಕ್ ಓದುಗದಲ್ಲಿ ಒಂದು ಕಾಂತಪದರವನ್ನು ಅಲುಗಾಡದಂತೆ ಹಿಡಿದಿಡುವ ಕೆಲಸ ಆಂಟಿಫೆರೋಮ್ಯಾಗ್ನೆಟ್ಟಿನ ತೆಳುಪದರದ್ದಾಗಿತ್ತು. ಆಮೇಲೆ ಕೋಟ್ಯಂತರ ಕಂಪ್ಯೂಟರ್‌ಗಳ ಒಳಗೆ ಅದು ಸದ್ದಿಲ್ಲದೆ ದುಡಿಯಿತು. ಆದರೂ ಅದರ ಒಳಗೆ ಯಾವ ಪರಮಾಣು ಎತ್ತ ಮುಖ ಮಾಡಿದೆ ಎಂದು ಒಂದೊಂದಾಗಿ ಓದುವುದು ಬೇರೆಯೇ ಸವಾಲು. ಈಗ 'ಆಲ್ಟರ್‌ಮ್ಯಾಗ್ನೆಟ್' ಎಂಬ ಹೊಸ ಬಗೆಯ ಕಾಂತವಸ್ತುಗಳು ಸುದ್ದಿಯಲ್ಲಿರುವುದರಿಂದ ಆ ಸವಾಲು ಮತ್ತೆ ಮುನ್ನೆಲೆಗೆ ಬಂದಿದೆ. ಪರಮಾಣುವಿನ ಕಾಂತದಿಕ್ಕಿನ ಹಿಂದಿರುವ ಸ್ಪಿನ್ ಎಂಬ ಗುಣವನ್ನು ಓದಬೇಕಾದರೆ ಓದುವ ಸಾಧನಕ್ಕೂ ಸ್ಪಿನ್ ಇರಲೇಬೇಕು. ಹಾಗಾಗಿ ವಸ್ತುವಿನ ಬಗ್ಗೆ ತೀರ್ಪು ಕೊಡುವ ಮೊದಲು ಸಾಧನವನ್ನೇ ಕಟಕಟೆಗೆ ಕರೆಯಬೇಕಾಗುತ್ತದೆ. ಈ ವಿಜ್ಞಾನದ ಕಷ್ಟವೂ ಸೊಗಸೂ ಅಲ್ಲೇ ಇದೆ.

ಎರಡೇ ಉತ್ತರ

ಎಲೆಕ್ಟ್ರಾನಿಗೆ ದ್ರವ್ಯರಾಶಿ ಮತ್ತು ವಿದ್ಯುದಂಶ ಇರುವಂತೆ ಸ್ಪಿನ್ ಕೂಡ ಹುಟ್ಟುಗುಣ. 1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಆಟೊ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಕ್ ಬೆಳ್ಳಿಯನ್ನು ಒಲೆಯಲ್ಲಿ ಕಾಯಿಸಿ, ಅದರ ಪರಮಾಣುಗಳ ಸಣ್ಣ ಎಳೆಯೊಂದನ್ನು ಏರುಪೇರಿನ ಕಾಂತಕ್ಷೇತ್ರದ ಮೂಲಕ ಹಾಯಿಸಿ ಗಾಜಿನ ಫಲಕದ ಮೇಲೆ ಬೀಳಿಸಿದರು. ಬೆಳ್ಳಿಯ ಲೇಪ ಎಷ್ಟು ತೆಳುವಾಗಿತ್ತೆಂದರೆ ಮೊದಲು ಅದು ಕಾಣಲೇ ಇಲ್ಲ. ಸ್ಟರ್ನ್ ಮುಂದೆ ನೆನಪಿಸಿಕೊಂಡಂತೆ, ಅವರು ಸೇದುತ್ತಿದ್ದ ಅಗ್ಗದ ಸಿಗಾರಿನಲ್ಲಿ ಗಂಧಕ ಹೆಚ್ಚಿತ್ತು. ಫಲಕವನ್ನು ಹತ್ತಿರ ಹಿಡಿದು ನೋಡುವಾಗ ಆ ಉಸಿರು ತಾಗಿ ಬೆಳ್ಳಿ ಕಪ್ಪಾಗಿ, ಗುರುತು ಮೂಡಿತು. ಪರಮಾಣುಗಳು ಒಂದೇ ಪಟ್ಟೆಯಾಗಿ ಹರಡಿಕೊಳ್ಳದೆ ಎರಡಾಗಿ ಸೀಳಿದ್ದವು.

ಅದರ ಪೂರ್ತಿ ಅರ್ಥ ಅಂದು ಅವರಿಗೂ ಹೊಳೆಯಲಿಲ್ಲ. 1925ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಜಾರ್ಜ್ ಉಲೆನ್‌ಬೆಕ್ ಮತ್ತು ಸ್ಯಾಮುಯೆಲ್ ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು, ಎಲೆಕ್ಟ್ರಾನ್ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಊಹಿಸಿ ಬರೆದರು. ಹಾಗೆ ನಿಜಕ್ಕೂ ತಿರುಗಬೇಕಾದರೆ ಎಲೆಕ್ಟ್ರಾನಿನ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಎಂದು ಹಿರಿಯ ವಿಜ್ಞಾನಿ ಲೊರೆಂಟ್ಸ್ ಲೆಕ್ಕಹಾಕಿ ತೋರಿಸಿದರು. ತರುಣರು ಗಾಬರಿಯಾಗಿ ಲೇಖನ ಹಿಂಪಡೆಯಲು ಓಡಿದರೆ, ಗುರುಗಳಾದ ಏರೆನ್‌ಫೆಸ್ಟ್ ಆಗಲೇ ಅದನ್ನು ಪತ್ರಿಕೆಗೆ ಕಳಿಸಿಯಾಗಿತ್ತು. ಲೊರೆಂಟ್ಸರ ಲೆಕ್ಕ ಸರಿ, ತರುಣರ ಊಹೆಯೂ ಸರಿ. ಸ್ಪಿನ್ ಇದೆ, ಆದರೆ ಏನೂ ತಿರುಗುತ್ತಿಲ್ಲ. ಒಂದು ದಿಕ್ಕನ್ನು ಗೊತ್ತುಮಾಡಿ ಅಳೆದರೆ ಎಲೆಕ್ಟ್ರಾನ್ ಕೊಡುವುದು ಎರಡೇ ಉತ್ತರ: ಮೇಲೆ ಅಥವಾ ಕೆಳಗೆ. ಕಬ್ಬಿಣದ ತುಂಡು ಅಯಸ್ಕಾಂತವಾಗುವುದೂ ಬಹುಪಾಲು ಈ ಉತ್ತರಗಳು ಒಂದೇ ಕಡೆಗೆ ಒಟ್ಟುಗೂಡುವುದರಿಂದಲೇ.

ನ್ಯೂಟ್ರಾನ್ ಕೊಟ್ಟ ಸರಾಸರಿ

ಒಂದು ಬಿಟ್ಟು ಒಂದು ತಿರುಗುಮುರುಗಾಗಿ ನಿಲ್ಲುವ ಸ್ಪಿನ್‌ಗಳ ಕಲ್ಪನೆಯನ್ನು ನೀಲ್ 1930ರ ದಶಕದಲ್ಲೇ ಮುಂದಿಟ್ಟಿದ್ದರು. ಪುರಾವೆ ಸಿಕ್ಕಿದ್ದು 1949ರಲ್ಲಿ. ಅಮೆರಿಕದ ಓಕ್ ರಿಡ್ಜ್‌ನ ಪರಮಾಣು ರಿಯಾಕ್ಟರಿನಿಂದ ಹೊರಟ ನ್ಯೂಟ್ರಾನ್‌ಗಳನ್ನು ಕ್ಲಿಫರ್ಡ್ ಶಲ್ ಮತ್ತು ಸ್ಯಾಮುಯೆಲ್ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ಬಿಟ್ಟರು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದರೆ ಸ್ಪಿನ್ ಇದೆ. ಪರಮಾಣುಗಳ ಕಾಂತದಿಕ್ಕು ಅದಕ್ಕೆ ತಿಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಇಲ್ಲದ ಹೊಸ ಶಿಖರಗಳು 80 ಕೆಲ್ವಿನ್‌ಗೆ ತಣಿಸಿದಾಗ ಎದ್ದು ನಿಂತವು. ರಸಾಯನಶಾಸ್ತ್ರದ ಪ್ರಕಾರ ಎಲ್ಲ ಮ್ಯಾಂಗನೀಸ್ ಪರಮಾಣುಗಳೂ ಒಂದೇ. ನ್ಯೂಟ್ರಾನಿನ ಪ್ರಕಾರ ಅವುಗಳಲ್ಲಿ ಎರಡು ಪಂಗಡ. ಈ ವಿಧಾನಕ್ಕಾಗಿ ಶಲ್‌ಗೆ 1994ರಲ್ಲಿ ನೊಬೆಲ್ ಬಂತು.

ಆದರೆ ನ್ಯೂಟ್ರಾನ್ ಹೇಳುವುದು ಹರಳಿನ ಲೆಕ್ಕವಿಲ್ಲದಷ್ಟು ಪರಮಾಣುಗಳ ಒಟ್ಟಾರೆ ವಿನ್ಯಾಸವನ್ನು. ಈ ಪರಮಾಣು ಮೇಲೆ, ಪಕ್ಕದ್ದು ಕೆಳಗೆ ಎಂದು ಬೊಟ್ಟುಮಾಡಿ ತೋರಿಸಲು ಅದಕ್ಕಾಗದು. ಅಂಚಿನಲ್ಲಿ ಏನಾಗುತ್ತದೆ, ದೋಷವಿರುವ ಕಡೆ ಸ್ಪಿನ್ ಹೇಗೆ ವಾಲುತ್ತದೆ, ಒಂದೇ ಪರಮಾಣು ದಪ್ಪದ ಪದರದಲ್ಲಿ ಕಥೆಯೇನು ಎಂಬ ಪ್ರಶ್ನೆಗಳು ಹಾಗೇ ಉಳಿದವು.

ಮೆಟ್ಟಿಲಿನ ಎತ್ತರದಲ್ಲಿ ಸ್ಪಿನ್

1981ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಶ್ ರೋರರ್ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ಕಟ್ಟಿದರು. ಚೂಪಾದ ಲೋಹದ ಸೂಜಿಯನ್ನು ಮೇಲ್ಮೈಗೆ ತಾಗಿಸದೆ, ಹೆಚ್ಚುಕಡಿಮೆ ಅರ್ಧ ನ್ಯಾನೊಮೀಟರಿನಷ್ಟು ಸಮೀಪಕ್ಕೆ ತಂದು ಸಣ್ಣ ವೋಲ್ಟೇಜ್ ಕೊಟ್ಟರೆ, ನಡುವೆ ಖಾಲಿ ಜಾಗವಿದ್ದರೂ ಎಲೆಕ್ಟ್ರಾನ್‌ಗಳು ದಾಟುತ್ತವೆ. ಕ್ವಾಂಟಂ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಹರಿಯುವ ವಿದ್ಯುತ್ತು ಒಂದು ನ್ಯಾನೊಆಂಪಿಯರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 600 ಕೋಟಿ ಎಲೆಕ್ಟ್ರಾನ್ ದಾಟಿದಂತಾಯಿತು. ಅಂತರ 0.1 ನ್ಯಾನೊಮೀಟರ್ ಹೆಚ್ಚಿದರೆ ಆ ವಿದ್ಯುತ್ತು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಈ ಸೂಕ್ಷ್ಮತೆಯಿಂದಲೇ ಪರಮಾಣುಗಳ ಉಬ್ಬುತಗ್ಗು ಚಿತ್ರವಾಗಿ ಮೂಡುತ್ತದೆ.

ಸೂಜಿಯೇ ಅಯಸ್ಕಾಂತವಾದರೆ? ಆಗ ಅದರ ತುದಿಯಲ್ಲಿ ಒಂದು ಬಗೆಯ ಸ್ಪಿನ್ ಉಳ್ಳ ಎಲೆಕ್ಟ್ರಾನ್‌ಗಳು ಹೆಚ್ಚಿರುತ್ತವೆ. ದಾಟುವಾಗ ಎಲೆಕ್ಟ್ರಾನ್ ತನ್ನ ಸ್ಪಿನ್ ಬದಲಿಸುವುದಿಲ್ಲ. ಹಾಗಾಗಿ ಎದುರಿನ ಪರಮಾಣುವಿನ ದಿಕ್ಕು ಸೂಜಿಯ ದಿಕ್ಕಿಗೆ ಹೊಂದಿದರೆ ವಿದ್ಯುತ್ತು ಹೆಚ್ಚು, ವಿರುದ್ಧವಿದ್ದರೆ ಕಡಿಮೆ. ಎರಡು ಕಾಂತಪದರಗಳ ನಡುವೆ ಇಂಥ ವ್ಯತ್ಯಾಸ ಕಾಣುತ್ತದೆ ಎಂದು ಫ್ರಾನ್ಸಿನ ಮಿಷೆಲ್ ಜುಲಿಯೇರ್ 1975ರಲ್ಲೇ ತೋರಿಸಿದ್ದರು. ಅದನ್ನು ಸೂಜಿಮೊನೆಗೆ ತಂದವರು ರೋಲಾಂಡ್ ವೀಸೆನ್‌ಡಾಂಗರ್ ಮತ್ತು ಸಂಗಡಿಗರು, 1990ರಲ್ಲಿ.

ಅವರು ಆರಿಸಿಕೊಂಡದ್ದು ಕ್ರೋಮಿಯಂ ಹರಳಿನ ಮೇಲ್ಮೈ. ಅದು ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಪ್ರತಿ ಮೆಟ್ಟಿಲೂ ಒಂದೇ ಪರಮಾಣುವಿನಷ್ಟು, ಅಂದರೆ 0.144 ನ್ಯಾನೊಮೀಟರ್ ಎತ್ತರ. ಒಂದು ಮೆಟ್ಟಿಲಿನ ಮೇಲಿರುವ ಪರಮಾಣುಗಳೆಲ್ಲ ಒಂದೇ ದಿಕ್ಕಿಗಿದ್ದು, ಮುಂದಿನ ಮೆಟ್ಟಿಲಿನವು ವಿರುದ್ಧ ದಿಕ್ಕಿಗಿರಬೇಕೆಂದು ಸಿದ್ಧಾಂತ ಹೇಳಿತ್ತು. ಮಾಮೂಲಿ ಸೂಜಿಗೆ ಮೆಟ್ಟಿಲುಗಳೆಲ್ಲ ಒಂದೇ ಎತ್ತರ. ಕ್ರೋಮಿಯಂ ಡೈಆಕ್ಸೈಡಿನ ಕಾಂತಸೂಜಿಯಿಂದ ಅಳೆದಾಗ ಒಂದು ಮೆಟ್ಟಿಲು 0.16, ಮುಂದಿನದು 0.12, ಮತ್ತೆ 0.16 ಎಂದು ಏರುಪೇರಾಗಿ ಕಂಡಿತು. ಉಪಕರಣ ವಿದ್ಯುತ್ತನ್ನು ಸ್ಥಿರವಾಗಿಡಲು ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಸ್ಪಿನ್ ಹೊಂದಿದ ಕಡೆ ವಿದ್ಯುತ್ತು ಹೆಚ್ಚಾಗುವುದರಿಂದ ಸೂಜಿ ಚೂರು ಮೇಲೆ ಸರಿಯುತ್ತದೆ, ಹೊಂದದ ಕಡೆ ಕೆಳಗಿಳಿಯುತ್ತದೆ. ಎರಡರ ಸರಾಸರಿ 0.14. ಅಂದರೆ ಮೆಟ್ಟಿಲುಗಳ ಎತ್ತರ ನಿಜಕ್ಕೂ ಬದಲಾಗಿರಲಿಲ್ಲ. ಎತ್ತರದ ವೇಷದಲ್ಲಿ ಸ್ಪಿನ್ ಕಾಣಿಸಿಕೊಂಡಿತ್ತು.

ಮೊನೆಯ ಮೇಲೇ ಅನುಮಾನ

ಹೇಳುವುದು ಸುಲಭ, ಮಾಡುವುದು ಕಷ್ಟ. ಟಂಗ್‌ಸ್ಟನ್ ತಂತಿಯನ್ನು ರಾಸಾಯನಿಕ ದ್ರಾವಣದಲ್ಲಿ ಕರಗಿಸುತ್ತ ಚೂಪು ಮಾಡಬೇಕು. ಗಾಳಿಯ ಲವಲೇಶವೂ ಇಲ್ಲದ ಉಕ್ಕಿನ ಕೋಶದೊಳಗೆ ಅದನ್ನು 2,000 ಡಿಗ್ರಿಗೂ ಮೀರಿ ಒಂದು ಕ್ಷಣ ಕಾಯಿಸಿದರೆ ಮೇಲಿನ ಕೊಳೆ ಹಾರಿಹೋಗುತ್ತದೆ. ಆಮೇಲೆ ಹತ್ತಾರು ಪರಮಾಣು ಪದರಗಳಷ್ಟು ಕಬ್ಬಿಣವನ್ನೋ ಕ್ರೋಮಿಯಮ್ಮನ್ನೋ ಆವಿಯಾಗಿಸಿ ಲೇಪಿಸಬೇಕು. ಕಬ್ಬಿಣದ ಲೇಪವಾದರೆ ಹೊರಗಿನ ಕಾಂತಕ್ಷೇತ್ರದಿಂದ ಸೂಜಿಯ ದಿಕ್ಕನ್ನು ತಿರುಗಿಸಬಹುದು. ಆದರೆ ಅದು ತಾನೇ ಕ್ಷೇತ್ರ ಸೂಸಿ ಎದುರಿನ ಸ್ಪಿನ್‌ಗಳನ್ನು ಕೆಡಿಸಬಹುದು. ಕ್ರೋಮಿಯಂ ಸ್ವತಃ ಆಂಟಿಫೆರೋಮ್ಯಾಗ್ನೆಟ್. ಅದರ ಒಟ್ಟು ಕ್ಷೇತ್ರ ಸೊನ್ನೆಯಾದ್ದರಿಂದ ಮಾದರಿಗೆ ತೊಂದರೆ ಕೊಡದು, ಆದರೂ ತುದಿಯ ಕೊನೆಯ ಪರಮಾಣುವಿಗೆ ಒಂದು ದಿಕ್ಕು ಇದ್ದೇ ಇರುತ್ತದೆ. ಸೊನ್ನೆ ಕಾಂತವನ್ನು ಓದಲು ಸೊನ್ನೆ ಕಾಂತವೇ ಒದಗಿ ಬಂತು.

ತಾಪತ್ರಯ ಅಷ್ಟಕ್ಕೇ ಮುಗಿಯುವುದಿಲ್ಲ. ಕಾಣುವ ಏರಿಳಿತ ಸೂಜಿಯ ಸ್ಪಿನ್, ಮಾದರಿಯ ಸ್ಪಿನ್, ಅವೆರಡರ ನಡುವಿನ ಕೋನದ ಕೊಸೈನ್ ಇವು ಮೂರರ ಗುಣಲಬ್ಧ. ಸೂಜಿಯ ತುದಿ ಯಾವ ದಿಕ್ಕಿಗಿದೆ ಎಂಬುದು ಹಲವು ಬಾರಿ ಮೊದಲೇ ತಿಳಿದಿರುವುದಿಲ್ಲ. ಸ್ಕ್ಯಾನ್ ನಡುವೆ ಮೇಲ್ಮೈಯ ಒಂದು ಪರಮಾಣು ಸೂಜಿಗೆ ಅಂಟಿಕೊಂಡರೂ ಸಾಕು, ಚಿತ್ರದ ಕಪ್ಪುಬಿಳುಪು ಅದಲುಬದಲಾಗಬಹುದು. ಅದಕ್ಕೆಂದೇ ಮೊದಲು ಗೊತ್ತಿರುವ ಮೇಲ್ಮೈಯ ಮೇಲೆ ಸೂಜಿಯನ್ನು ಪರೀಕ್ಷಿಸುತ್ತಾರೆ. ಸೂಜಿಯ ದಿಕ್ಕು ತಿರುಗಿಸಿ ಅದೇ ಜಾಗವನ್ನು ಮತ್ತೆ ನೋಡುತ್ತಾರೆ. ಎರಡು ಚಿತ್ರಗಳನ್ನು ಕಳೆದಾಗ ಉಳಿಯುವುದು ಸ್ಪಿನ್, ಕೂಡಿದಾಗ ಉಳಿಯುವುದು ಬರೀ ಆಕಾರ.

ಹ್ಯಾಂಬರ್ಗಿನ ಚಿತ್ರಶಾಲೆ

ವೀಸೆನ್‌ಡಾಂಗರ್ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಟ್ಟಿದ ತಂಡ 2000ದಲ್ಲಿ ಟಂಗ್‌ಸ್ಟನ್ ಮೇಲೆ ಒಂದೇ ಪರಮಾಣು ದಪ್ಪದ ಮ್ಯಾಂಗನೀಸ್ ಪದರ ಹರಡಿ, ಮೇಲೆ ಕೆಳಗೆ ಮೇಲೆ ಕೆಳಗೆ ಎಂದು ನಿಂತ ಸ್ಪಿನ್ ಸಾಲುಗಳನ್ನು ನೇರವಾಗಿ ಚಿತ್ರಿಸಿತು. ನೀಲ್ ಕಲ್ಪಿಸಿದ್ದು ಈಗ ಪರಮಾಣು ಪರಮಾಣುವಾಗಿ ಕಣ್ಣಿಗೆ ಬಿತ್ತು. ಏಳು ವರ್ಷ ಬಿಟ್ಟು ಅದೇ ಪದರವನ್ನು ಇನ್ನಷ್ಟು ಅಗಲಕ್ಕೆ ನೋಡಿದಾಗ ಹೊಸ ಸಂಗತಿ ಹೊರಬಿತ್ತು. ಸ್ಪಿನ್‌ಗಳು ಬರೀ ತಿರುಗುಮುರುಗಾಗಿ ನಿಂತಿರಲಿಲ್ಲ. ಸಾಲಿನುದ್ದಕ್ಕೂ ಚೂರುಚೂರೇ ವಾಲುತ್ತ ಹೋಗಿ, ಒಂದೇ ಕೈಯ ಕಡೆಗೆ ಸುತ್ತುತ್ತಿದ್ದವು. ಟಂಗ್‌ಸ್ಟನ್ನಿನಂಥ ಭಾರದ ಪರಮಾಣುಗಳ ಮೇಲೆ ತೆಳುಪದರ ಕೂತಾಗ, ಮೇಲೆ ಖಾಲಿ ಕೆಳಗೆ ಲೋಹ ಎಂಬ ಅಸಮತೆಯೇ ಸ್ಪಿನ್‌ಗಳನ್ನು ತಿರುಚುತ್ತದೆ.

ಆ ತಿರುಚು ಇನ್ನೂ ಬಿಗಿಯಾದರೆ ಸ್ಕಿರ್ಮಿಯಾನ್ ಎಂಬ ಸುಳಿ ಹುಟ್ಟುತ್ತದೆ. ನಡುವಿನ ಸ್ಪಿನ್ ಕೆಳಕ್ಕೆ, ಅಂಚಿನವು ಮೇಲಕ್ಕೆ, ಇವೆರಡರ ಮಧ್ಯದವು ಹಂತಹಂತವಾಗಿ ಹೊರಳುತ್ತ ಹೋಗುತ್ತವೆ. 2011ರಲ್ಲಿ ಇರಿಡಿಯಂ ಮೇಲಿನ ಕಬ್ಬಿಣದ ಪದರದಲ್ಲಿ ಸುಮಾರು ಒಂದು ನ್ಯಾನೊಮೀಟರಿನಷ್ಟೇ ಅಳತೆಯ ಇಂಥ ಸುಳಿಗಳ ಜಾಲ ಕಂಡಿತು. 2013ರಲ್ಲಿ ಅದೇ ತಂಡ ಸೂಜಿಮೊನೆಯ ವಿದ್ಯುತ್ತಿನಿಂದ ಸ್ಕಿರ್ಮಿಯಾನ್‌ಗಳನ್ನು ಒಂದೊಂದಾಗಿ ಬರೆದು, ಅಳಿಸಿ ತೋರಿಸಿತು.

ವಿದ್ಯುತ್ತು ಹರಿಯದ ವಸ್ತುಗಳಿಗೆ ಬೇರೆ ದಾರಿ ಬೇಕಿತ್ತು. 2007ರಲ್ಲಿ ನಿಕಲ್ ಆಕ್ಸೈಡಿನ ಮೇಲೆ ಹ್ಯಾಂಬರ್ಗಿನವರು ವಿದ್ಯುತ್ತಿನ ಬದಲು ಬಲವನ್ನೇ ಅಳೆದರು. ಕಬ್ಬಿಣ ಲೇಪಿಸಿದ ಮೊನೆಯನ್ನು 5 ಟೆಸ್ಲಾ ಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ಹಿಡಿದಿಟ್ಟು, ಮೇಲಿನ ಸ್ಪಿನ್ನಿಗೂ ಕೆಳಗಿನ ಸ್ಪಿನ್ನಿಗೂ ಅದು ತೋರುವ ಎಳೆತದಲ್ಲಿನ ಕಿಂಚಿತ್ ವ್ಯತ್ಯಾಸದಿಂದಲೇ ಸಾಲುಗಳನ್ನು ಬೇರ್ಪಡಿಸಿದರು.

ಸುತ್ತಲಿನವರು ಮುಚ್ಚಿದ ಸ್ಪಿನ್

ಸ್ಪಿನ್ ಮರೆಯಾಗಲು ಎದುರು ದಿಕ್ಕಿನ ನೆರೆಪರಮಾಣುವೇ ಬೇಕೆಂದಿಲ್ಲ. ಕಾಂತತ್ವವಿಲ್ಲದ ಲೋಹದಲ್ಲಿ ಒಂದು ಕಾಂತ ಪರಮಾಣು ಕೂತರೆ, ಬಹಳ ತಂಪಿನಲ್ಲಿ ಲೋಹದ ಎಲೆಕ್ಟ್ರಾನ್‌ಗಳೇ ಅದರ ಸುತ್ತ ಸೇರಿ ಸ್ಪಿನ್ನನ್ನು ಮುಚ್ಚಿಬಿಡುತ್ತವೆ. ಈ ಬಗೆಯ ಬೆರಕೆಯುಳ್ಳ ಲೋಹಗಳ ವಿದ್ಯುತ್ ರೋಧ ತಂಪಾದಂತೆಲ್ಲ ಇಳಿದು, ಮತ್ತೆ ಏರುವುದೇಕೆ ಎಂಬುದಕ್ಕೆ 1964ರಲ್ಲಿ ಜಪಾನಿನ ಜುನ್ ಕೊಂಡೊ ಕಾರಣ ಕೊಟ್ಟರು. ಆದರೆ ಇನ್ನೂ ತಂಪಿಗೆ ಇಳಿದರೆ ಅವರ ಲೆಕ್ಕ ಕೈಕೊಡುತ್ತಿತ್ತು. ಆ ಬಿಕ್ಕಟ್ಟನ್ನು ಬಿಡಿಸಿದವರು ಭೌತವಿಜ್ಞಾನಿ ಕೆನೆತ್ ವಿಲ್ಸನ್. ಅವರ ವಿಧಾನವನ್ನು ಲೋಹದೊಳಗಿನ ಕಾಂತ ಪರಮಾಣುವಿನ ಆಂಡರ್ಸನ್ ಮಾದರಿಗೆ ಅನ್ವಯಿಸಿ ಪೂರ್ತಿ ಪರಿಹಾರ ಕೊಟ್ಟ 1980ರ ಪ್ರಸಿದ್ಧ ಲೇಖನಗಳ ಮೊದಲ ಲೇಖಕರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಎಚ್.ಆರ್. ಕೃಷ್ಣಮೂರ್ತಿ. ಜೊತೆಗಾರರು ಜಾನ್ ವಿಲ್ಕಿನ್ಸ್ ಮತ್ತು ಸ್ವತಃ ವಿಲ್ಸನ್. 1998ರಲ್ಲಿ ಚಿನ್ನದ ಮೇಲೆ ಕೂತ ಒಂಟಿ ಕೋಬಾಲ್ಟ್ ಪರಮಾಣುವಿನ ಮೇಲೆ ಸೂಜಿ ನಿಲ್ಲಿಸಿದಾಗ ಈ ಮುಸುಕಿನ ಗುರುತು ನೇರವಾಗಿ ಸಿಕ್ಕಿತು. ಆ ಲೇಖನದ ಮೊದಲ ಹೆಸರು ಭಾರತ ಮೂಲದ ವಿದ್ಯಾ ಮಾಧವನ್ ಅವರದು.

ಬಿಡಿ ಪರಮಾಣುಗಳನ್ನು ಜೋಡಿಸಿ ಆಂಟಿಫೆರೋಮ್ಯಾಗ್ನೆಟ್ಟನ್ನೇ ಕಟ್ಟುವುದೂ ಆಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದ ತಂಡ 12 ಕಬ್ಬಿಣದ ಪರಮಾಣುಗಳಿಂದ ಒಂದು ಬಿಟ್ ಮಾಹಿತಿಯನ್ನು ಗಂಟೆಗಟ್ಟಲೆ ಹಿಡಿದಿಟ್ಟಿತು. ಅಂಥ ಎಂಟು ಸಾಲು, ಒಟ್ಟು 96 ಪರಮಾಣು ಸೇರಿದರೆ ಒಂದು ಬೈಟ್. ಅಕ್ಕಪಕ್ಕದ ಬಿಟ್‌ಗಳು ಒಂದನ್ನೊಂದು ಕೆಡಿಸದೆ ಅಷ್ಟು ಒತ್ತೊತ್ತಾಗಿ ಕೂರಲು ಸಾಧ್ಯವಾದದ್ದು ಅವುಗಳ ಹೊರಕ್ಷೇತ್ರ ಸೊನ್ನೆಯಾದ್ದರಿಂದಲೇ. 2015ರಲ್ಲಿ ಅದೇ ಪ್ರಯೋಗಾಲಯ ಸೂಜಿಗೆ ಮೈಕ್ರೋವೇವ್ ಹಾಯಿಸಿ ಒಂಟಿ ಕಬ್ಬಿಣದ ಪರಮಾಣುವಿನ ಸ್ಪಿನ್ ಅನುರಣನವನ್ನು ಹಿಡಿಯಿತು. ಆಸ್ಪತ್ರೆಯ ಎಂಆರ್‌ಐ ಯಂತ್ರ ನ್ಯೂಕ್ಲಿಯಸ್‌ಗಳ ಸ್ಪಿನ್ನಿನ ಮೇಲೆ ಪ್ರಯೋಗಿಸುವ ತತ್ವವೇ ಇಲ್ಲಿ ಒಂದು ಪರಮಾಣುವಿನ ಮಟ್ಟಕ್ಕೆ ಇಳಿದಿತ್ತು.

ದಿಕ್ಕುವಾರು ಲೆಕ್ಕದ ಹೊಸ ಕಾಂತ

2022ರಲ್ಲಿ ಭೌತವಿಜ್ಞಾನಿಗಳಾದ ಲಿಬೋರ್ ಶ್ಮೆಯ್ಕಾಲ್, ಜೈರೊ ಸಿನೊವಾ, ತೋಮಾಶ್ ಯುಂಗ್ವಿರ್ತ್ ಈ ಕ್ಷೇತ್ರಕ್ಕೆ ಹೊಸ ವರ್ಗವೊಂದನ್ನು ಸೇರಿಸಿದರು. ಆಲ್ಟರ್‌ಮ್ಯಾಗ್ನೆಟ್ಟಿನಲ್ಲೂ ಮೇಲಿನ ಸ್ಪಿನ್ನು ಕೆಳಗಿನ ಸ್ಪಿನ್ನು ಸರಿಸಮ, ಮೊತ್ತ ಸೊನ್ನೆ. ಆದರೆ ಮಾಮೂಲಿ ಆಂಟಿಫೆರೋಮ್ಯಾಗ್ನೆಟ್ಟಿನಲ್ಲಿ ಒಂದು ಪಂಗಡವನ್ನು ಬರೀ ಸರಿಸಿದರೆ ಇನ್ನೊಂದರ ಮೇಲೆ ಕೂರುತ್ತದೆ. ಇಲ್ಲಿ ತಿರುಗಿಸಿಯೇ ಕೂರಿಸಬೇಕು. ಕಾಂತ ಪರಮಾಣುವಿನ ಸುತ್ತ ಇರುವ ಬೇರೆ ಪರಮಾಣುಗಳ ಪಂಜರ ಎರಡೂ ಪಂಗಡಗಳಲ್ಲಿ ಬೇರೆಬೇರೆ ಕಡೆಗೆ ಮುಖ ಮಾಡಿರುವುದೇ ಇದಕ್ಕೆ ಕಾರಣ. ಪರಿಣಾಮವಾಗಿ ಹರಳಿನಲ್ಲಿ ಒಂದು ದಿಕ್ಕಿಗೆ ಸಾಗುವ ಎಲೆಕ್ಟ್ರಾನ್‌ಗಳಲ್ಲಿ ಮೇಲಿನ ಸ್ಪಿನ್ನಿನ ಶಕ್ತಿಮಟ್ಟ ಒಂದು, ಕೆಳಗಿನದು ಇನ್ನೊಂದು. ಬೇರೊಂದು ದಿಕ್ಕಿಗೆ ಹೋದರೆ ಅದು ತಿರುಗುಮುರುಗು. ಎಲ್ಲ ದಿಕ್ಕುಗಳನ್ನೂ ಕೂಡಿದರೆ ಸೊನ್ನೆ, ಬಿಡಿಸಿ ನೋಡಿದರೆ ಸೊನ್ನೆಯಲ್ಲ. ಹೊರಕ್ಷೇತ್ರದ ಕಾಟವಿಲ್ಲದೆ ಸ್ಪಿನ್ ಬೇರ್ಪಟ್ಟ ವಿದ್ಯುತ್ತು ಸಿಗಬಹುದೆಂಬುದೇ ಇದರ ಆಕರ್ಷಣೆ.

ಮ್ಯಾಂಗನೀಸ್ ಟೆಲ್ಯುರೈಡಿನಲ್ಲಿ ಶಕ್ತಿಮಟ್ಟಗಳ ಈ ಸೀಳು ಇರುವುದನ್ನು 2024ರಲ್ಲಿ ಎಕ್ಸ್-ಕಿರಣ ಮತ್ತು ಅತಿನೇರಳೆ ಬೆಳಕಿನಿಂದ ಎಲೆಕ್ಟ್ರಾನ್ ಎಬ್ಬಿಸುವ ಪ್ರಯೋಗಗಳು ದೃಢಪಡಿಸಿದವು. ಅದೇ ವರ್ಷ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ತಂಡ ಸ್ವೀಡನ್ನಿನ ಮ್ಯಾಕ್ಸ್-4 ಕೇಂದ್ರದ ಎಕ್ಸ್-ಕಿರಣದಿಂದ ಇದೇ ವಸ್ತುವಿನ ಒಳಗಿನ ಕಾಂತವಲಯಗಳ ನಕ್ಷೆ ತೆಗೆಯಿತು.

ರುಥೇನಿಯಂ ಡೈಆಕ್ಸೈಡಿನ ಕಥೆ ಮಾತ್ರ ಬೇರೆ ಜಾಡು ಹಿಡಿಯಿತು. ಸಿದ್ಧಾಂತಿಗಳ ಅಚ್ಚುಮೆಚ್ಚಿನ ಉದಾಹರಣೆ ಅದು. 2017ರ ನ್ಯೂಟ್ರಾನ್ ಪ್ರಯೋಗವೊಂದು ಅದರಲ್ಲಿ ತೀರಾ ಕ್ಷೀಣವಾದ ಆಂಟಿಫೆರೋ ಕ್ರಮ ಕಂಡಿತು. ಪ್ರತಿ ಪರಮಾಣುವಿಗೂ, ಪರಮಾಣು ಕಾಂತತ್ವದ ಅಳತೆಮಾನವಾದ ಬೋರ್ ಮ್ಯಾಗ್ನೆಟಾನಿನ ಸುಮಾರು 0.05 ಭಾಗ. ಅದರ ಮೇಲೆ ಎಷ್ಟೋ ಲೇಖನಗಳು ಬಂದವು. 2024ರಲ್ಲಿ ಎರಡು ತಂಡಗಳು ಅದೇ ವಸ್ತುವಿನೊಳಗೆ ಮ್ಯುವಾನ್‌ಗಳನ್ನು ಬಿತ್ತಿದವು. ಮ್ಯುವಾನ್ ಸರಾಸರಿ 2.2 ಮೈಕ್ರೊಸೆಕೆಂಡ್ ಬದುಕುವ ಕಣ. ಹರಳಿನಲ್ಲಿ ನಿಂತ ಜಾಗದ ಕ್ಷೇತ್ರಕ್ಕೆ ತಕ್ಕಂತೆ ಅದರ ಸ್ಪಿನ್ ತಿರುಗುತ್ತದೆ, ಸಾಯುವಾಗ ಹೆಚ್ಚಾಗಿ ಆ ದಿಕ್ಕಿನತ್ತಲೇ ಪಾಸಿಟ್ರಾನ್ ಚಿಮ್ಮುತ್ತದೆ. ಹೇಳಿದ್ದಷ್ಟು ಕಾಂತತ್ವ ಹರಳಿನಲ್ಲಿದ್ದರೆ ಮ್ಯುವಾನಿಗೆ ತಿಳಿಯಲೇಬೇಕಿತ್ತು. ತಿಳಿಯಲಿಲ್ಲ. ಒಂದು ತಂಡ ನ್ಯೂಟ್ರಾನ್ ಪ್ರಯೋಗವನ್ನೂ ಮತ್ತೆ ಮಾಡಿ, ಹಿಂದೆ ಕಂಡ ಸಂಕೇತ ನ್ಯೂಟ್ರಾನ್‌ಗಳು ಹರಳಿನೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಚದುರಿದ್ದರಿಂದ ಬಂದದ್ದೆಂದು ವಿವರಿಸಿತು. ತೆಳುಪದರದ ಮಾದರಿಗಳ ಬಗ್ಗೆ ವಾದ ಇನ್ನೂ ನಡೆದಿದೆ.

ಇದು ಯಾರದೋ ಸೋಲಿನ ಕಥೆಯಲ್ಲ. ಕಾಂತತ್ವ ಇಷ್ಟು ಕ್ಷೀಣವಾಗಿರುವಾಗ, ಮೊತ್ತವೂ ಸೊನ್ನೆಯಾಗಿರುವಾಗ, ಒಂದೇ ಸಾಧನದ ಸಾಕ್ಷ್ಯ ಸಾಲದು ಎಂಬುದಕ್ಕೆ ಉದಾಹರಣೆ. ನ್ಯೂಟ್ರಾನ್ ಇಡೀ ಹರಳಿನ ಮಾತು ಹೇಳುತ್ತದೆ, ಮ್ಯುವಾನ್ ತಾನು ಕೂತ ಜಾಗದ್ದು, ಬೆಳಕಿನ ಪ್ರಯೋಗ ಎಲೆಕ್ಟ್ರಾನ್ ಸಾಗುವ ದಿಕ್ಕಿನದು. ಕಾಂತಸೂಜಿಯ ಸರದಿ ಬರುವುದು ಇಲ್ಲಿ. ಮೇಲ್ಮೈಯ ಒಂದು ದೋಷದ ಸುತ್ತ ಎಲೆಕ್ಟ್ರಾನ್‌ಗಳು ಅಲೆಗಳಾಗಿ ಚದುರುತ್ತವೆ. ವಸ್ತು ನಿಜಕ್ಕೂ ಆಲ್ಟರ್‌ಮ್ಯಾಗ್ನೆಟ್ ಆಗಿದ್ದರೆ, ಮೇಲಿನ ಸ್ಪಿನ್ನಿನ ಅಲೆಗಳ ವಿನ್ಯಾಸ ಒಂದು ಅಕ್ಷಕ್ಕೆ, ಕೆಳಗಿನ ಸ್ಪಿನ್ನಿನದು ಅದರಿಂದ ಹೊರಳಿದ ಇನ್ನೊಂದು ಅಕ್ಷಕ್ಕೆ ವಾಲಿರಬೇಕು. ಸೂಜಿಯ ದಿಕ್ಕು ತಿರುಗಿಸಿದರೆ ವಿನ್ಯಾಸವೂ ಹೊರಳಬೇಕು. ಹೊರಳದಿದ್ದರೆ ಕಂಡದ್ದು ಸೂಜಿಯ ಆಕಾರವೋ ಹರಳಿನ ಓರೆಯೋ ಹೊರತು ಸ್ಪಿನ್ ಅಲ್ಲ. ಪಾಸೋ ಫೇಲೋ ಎಂದು ಹೇಳಿಬಿಡುವ ಇಂಥ ಪರೀಕ್ಷೆಗಳು ಆಲ್ಟರ್‌ಮ್ಯಾಗ್ನೆಟ್ ಎಂದು ಹೆಸರು ಹೊತ್ತ ಪ್ರತಿ ವಸ್ತುವಿಗೂ ಬೇಕು. ಪಟ್ಟಿ ಉದ್ದವಾಗುತ್ತಲೇ ಇದೆ. ಅದರಲ್ಲಿ ಎಷ್ಟು ಹೆಸರು ಉಳಿಯುತ್ತವೆ, ಎಷ್ಟು ಅಳಿಯುತ್ತವೆ ಎಂಬುದನ್ನು ತೀರ್ಮಾನಿಸುವುದು ಈ ಪರೀಕ್ಷೆಗಳೇ.